ಅರ್ಧ ಕೀಲೋ, ಪೂರ್ತಿ ಕೀಲೋ?

1986ರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ನನ್ನಜ್ಜಿ ಮತ್ತೆ ಏಳಲೇ ಇಲ್ಲ. "ವಯಸ್ಸಾಯ್ತು, ಇನ್ನೇನ್ ಮಾಡೋದು?" ಅಂದ್ವಿ ಮನೆಯವರೆಲ್ಲ. ಆ ಮಾತು ಇವತ್ತಿಗೂ ನನ್ನನ್ನ ಚುಚ್ಚುತ್ತೆ. ಯಾಕಂದ್ರೆ ವೀಕ್ಷಕರೇ, ದಾರಿ ಆಗಲೇ ಇತ್ತು!

1940ರಲ್ಲೇ ಅಮೆರಿಕದ ಆಸ್ಟಿನ್ ಮೂರ್ ಸೊಂಟದ ಕೀಲಿಗೆ ಲೋಹದ ಭಾಗ ಕೂರಿಸಿದ್ದರು. ತೊಡೆಮೂಳೆಯ ತಲೆ ಮಾತ್ರ ಬದಲು, ಅದು ಕೂರುವ ಬಟ್ಟಲು ನಮ್ಮದೇ. ಇದು ಅರ್ಧ ಕೀಲು. 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಪಾಲಿಎಥಿಲೀನ್ ಬಟ್ಟಲನ್ನೂ ಕೂರಿಸಿ ಪೂರ್ತಿ ಕೀಲು ಬದಲಿಸಿದರು.

ಹಾಗಾದ್ರೆ ಮುರಿದ ಸೊಂಟಕ್ಕೆ ಯಾವುದು ಒಳ್ಳೇದು? 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಬೀಳುವ ಮೊದಲು ತಾವಾಗಿ ಓಡಾಡುತ್ತಿದ್ದ, 50 ದಾಟಿದ ಸುಮಾರು 1,500 ಜನರನ್ನು ನೋಡಿತು. ಎರಡು ವರ್ಷದೊಳಗೆ ಮತ್ತೆ ಆಪರೇಷನ್ ಬೇಕಾದವರು ಪೂರ್ತಿ ಕೀಲಿನಲ್ಲಿ ಶೇ. 7.9, ಅರ್ಧದಲ್ಲಿ ಶೇ. 8.3. ವ್ಯತ್ಯಾಸ ಎಲ್ಲಿದೆ ಹೇಳಿ? ಪೂರ್ತಿಯವರಿಗೆ ಓಡಾಟ ಕೊಂಚ ಸಲೀಸು, ಆದರೆ ಕೀಲು ಜಾರುವ ಭಯ ತುಸು ಹೆಚ್ಚು.

ಯಾವುದು ಅಂತ ವೈದ್ಯರ ಜತೆ ಕೂತು ತೀರ್ಮಾನಿಸಿ. ಆದರೆ "ವಯಸ್ಸಾಯ್ತು" ಅಂತ ನಿಮ್ಮಜ್ಜಿಯನ್ನ ಮಂಚಕ್ಕೆ ಒಪ್ಪಿಸಿಬಿಡಬೇಡಿ. ನಾವು ಒಪ್ಪಿಸಿದ್ವಿ.