ಹರಟೆ, ಚಿಂದಿ, ಸುಳ್ಳು: ಕಾರ್ನಿವಲ್ ತಿಂಡಿಯ ಹಿಂದಿನ ಹಸಿವು

1992ರಲ್ಲಿ ಇಟಲಿಯಲ್ಲಿ ಹಂದಿರಕ್ತದ ಮಾರಾಟಕ್ಕೆ ನಿಷೇಧ ಬಿತ್ತು. ಆರೋಗ್ಯದ ಕಾರಣಕ್ಕೆ ಮಾಡಿದ ಕಾನೂನು ಅದು. ಆದರೆ ಅದರ ಏಟು ತಗುಲಿದ್ದು ನೇಪಲ್ಸ್‌ನ ಒಂದು ಸಿಹಿಗೆ. ಹೆಸರು ಸಾಂಗ್ವಿನಾಚ್ಚೊ. 'ಸಾಂಗ್ವೆ' ಅಂದ್ರೆ ರಕ್ತ. ಹಂದಿರಕ್ತಕ್ಕೆ ಹಾಲು, ಸಕ್ಕರೆ, ಚಾಕೊಲೇಟ್, ದಾಲ್ಚಿನ್ನಿ ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ ಗಟ್ಟಿ ಮಾಡುತ್ತಿದ್ದರು. ಈಗ ರಕ್ತ ಹಾಕೋದಿಲ್ಲ, ಬರೀ ಚಾಕೊಲೇಟ್. ಹೆಸರು ಮಾತ್ರ ಹಾಗೇ ಉಳಿದುಕೊಂಡಿದೆ.

ಸಿಹಿಗೆ ರಕ್ತ ಯಾಕೆ ಹಾಕ್ತಾರೆ? ಮೊದಲ ಸಲ ಇದರ ಬಗ್ಗೆ ಓದಿದಾಗ ನನಗೆ ಹುಟ್ಟಿದ ಪ್ರಶ್ನೆ ಇದು. ಉತ್ತರ ಸಿಗೋದು ಅಡುಗೆ ಪುಸ್ತಕದಲ್ಲಲ್ಲ, ಕ್ಯಾಲೆಂಡರಿನಲ್ಲಿ.

ಈಸ್ಟರ್‌ಗೆ ಮುಂಚೆ ಕ್ರೈಸ್ತರಿಗೆ 40 ದಿನಗಳ ಉಪವಾಸದ ಕಾಲ. ನಮ್ಮ ಕನ್ನಡ ಕ್ರೈಸ್ತರು ಅದನ್ನು ತಪಸ್ಸು ಕಾಲ ಅಂತಾರೆ, ಅದು ಶುರುವಾಗೋದು ಬೂದಿ ಬುಧವಾರ. ಮಧ್ಯಯುಗದ ಯುರೋಪಿನಲ್ಲಿ ಈ ವ್ರತ ಬಹಳ ಕಟ್ಟುನಿಟ್ಟು: ಮಾಂಸ ಮಾತ್ರವಲ್ಲ, ಪ್ರಾಣಿಕೊಬ್ಬು, ಮೊಟ್ಟೆ, ಹಾಲು, ಬೆಣ್ಣೆಯೂ ನಿಷಿದ್ಧ. 'ಕಾರ್ನಿವಲ್' ಎಂಬ ಪದದ ಬೇರು 'ಕಾರ್ನೆ ಲೆವಾರೆ', ಅಂದರೆ ಮಾಂಸವನ್ನು ತೆಗೆದಿಡುವುದು, ಅಂತ ಹೆಚ್ಚಿನವರು ಒಪ್ಪುತ್ತಾರೆ. ಹಬ್ಬದ ಹೆಸರಲ್ಲೇ ಉಪವಾಸ ಇದೆ ನೋಡಿ.

ಈಗ ಒಬ್ಬ ರೈತನ ಮನೆ ಕಲ್ಪಿಸಿಕೊಳ್ಳಿ. ಚಳಿಗಾಲದ ನಡುವೆ ಹಂದಿ ಕಡಿದಾಗಿದೆ. ಫ್ರಿಜ್ ಇಲ್ಲ. ಮಾಂಸವನ್ನು ಉಪ್ಪು ಹಾಕಿ ಇಡಬಹುದು, ಕೊಬ್ಬನ್ನು ಕರಗಿಸಿ ಇಡಬಹುದು, ಆದರೆ ರಕ್ತ ಒಂದು ದಿನವೂ ನಿಲ್ಲೋದಿಲ್ಲ. ಬುಧವಾರ ಬಂದರೆ ಇದ್ಯಾವುದನ್ನೂ ಮುಟ್ಟುವ ಹಾಗಿಲ್ಲ. ಹಾಗಾಗಿ ಎಲ್ಲವನ್ನೂ ಖಾಲಿ ಮಾಡಬೇಕು, ಅದೂ ಹಬ್ಬ ಮಾಡಿಕೊಂಡು. ಕೊಬ್ಬಿನಲ್ಲಿ ಕರಿಯೋದು, ಮೊಟ್ಟೆ ಸುರಿದು ಹಿಟ್ಟು ಕಲಸೋದು, ರಕ್ತದಿಂದ ಸಿಹಿ ಮಾಡೋದು ಎಲ್ಲ ಬಂದದ್ದು ಈ ಲೆಕ್ಕದಿಂದ. ನೇಪಲ್ಸ್‌ನ ಕಾರ್ನಿವಲ್ ಲಸಾನ್ಯದ ಒಳಗೆ ಸಣ್ಣ ಮಾಂಸದುಂಡೆ, ಸಾಸೇಜ್, ರಿಕೋಟ, ಮೊಟ್ಟೆ ಎಲ್ಲ ಪದರಪದರವಾಗಿ ಇರುತ್ತೆ. ನಾಳೆಯಿಂದ ತಿನ್ನಬಾರದ ವಸ್ತುಗಳ ಪಟ್ಟಿಯನ್ನೇ ಒಂದು ಪಾತ್ರೆಯಲ್ಲಿ ಬೇಯಿಸಿದ ಹಾಗೆ.

ಸಾಂಗ್ವಿನಾಚ್ಚೊದಲ್ಲಿ ಅದ್ದಿ ತಿನ್ನೋದು ಕ್ಯಾಕ್ಯೆರೆ ಎಂಬ ಗರಿಗರಿ ಕರಿದ ತಿಂಡಿಯನ್ನು. ಕ್ಯಾಕ್ಯೆರೆ ಅಂದ್ರೆ ಹರಟೆ. ಇದೇ ತಿಂಡಿಗೆ ಟಸ್ಕನಿಯಲ್ಲಿ ಚೆಂಚಿ, ಅಂದರೆ ಚಿಂದಿಬಟ್ಟೆ. ಪೀಡ್‌ಮಾಂಟ್ ಕಡೆ ಬುಜಿಯೆ, ಅಂದರೆ ಸುಳ್ಳುಗಳು. ರೋಮಿನಲ್ಲಿ ಫ್ರಾಪ್ಪೆ, ವೆನಿಸ್ಸಿನಲ್ಲಿ ಗಲಾನಿ. ಇಟಲಿ ಒಂದು ದೇಶವಾಗಿದ್ದೇ 1861ರಲ್ಲಿ, ಒಂದೊಂದು ಊರಿಗೆ ಒಂದೊಂದು ಹೆಸರಿರೋದರಲ್ಲಿ ಆಶ್ಚರ್ಯ ಏನಿಲ್ಲ.

1891ರಲ್ಲಿ ಪೆಲ್ಲೆಗ್ರಿನೊ ಅರ್ತೂಸಿ ಫ್ಲಾರೆನ್ಸಿನಲ್ಲಿ ಪ್ರಕಟಿಸಿದ ಪ್ರಸಿದ್ಧ ಅಡುಗೆ ಪುಸ್ತಕದಲ್ಲಿ ಚೆಂಚಿ ಇದೆ. 240 ಗ್ರಾಂ ಮೈದಾ, ಬೆಣ್ಣೆ ಸಕ್ಕರೆ ತಲಾ 20 ಗ್ರಾಂ, 2 ಮೊಟ್ಟೆ, ಚಿಟಿಕೆ ಉಪ್ಪು, ಸ್ವಲ್ಪ ಮದ್ಯ. ಬೆಂಗಳೂರಿನ ನನ್ನ ಅಡುಗೆಮನೆಯಲ್ಲೂ ಇದೇ ಅಳತೆ, ಮದ್ಯಕ್ಕೆ ಒಂದು ಚಮಚ ರಮ್. ಕಾದ ಎಣ್ಣೆಗೆ ಬಿದ್ದಾಗ ಅದು ಆವಿಯಾಗಿ ಗುಳ್ಳೆ ಏಳಿಸುತ್ತೆ. ತೆಳ್ಳಗೆ ಲಟ್ಟಿಸಿ, ಕರ್ಜಿಕಾಯಿ ಅಂಚು ಕತ್ತರಿಸೋ ಹಲ್ಲಿನ ಚಕ್ರದಲ್ಲಿ ಪಟ್ಟಿ ಮಾಡಿ, ಕರಿದು, ಮೇಲೆ ಸಕ್ಕರೆ ಪುಡಿ ಉದುರಿಸಿದರೆ ಆಯ್ತು. ತಿಂದವರು ಶಂಕರಪೋಳಿ ತರ ಇದೆ ಅಂತಾರೆ. ಸುಳ್ಳಲ್ಲ.

ಆದರೆ ಇದು ಮನೆಯಲ್ಲಿ ಮೊಟ್ಟೆ, ಕೊಬ್ಬು, ಸಕ್ಕರೆ ಇದ್ದವರ ಕಥೆ. ಖಾಲಿ ಮಾಡೋಕೆ ಏನೂ ಇಲ್ಲದವರು ಕಾರ್ನಿವಲ್ ದಿನ ಏನು ತಿಂತಿದ್ರು?

ವೆನಿಸ್ಸಿನಲ್ಲಿ ಬೀದಿಯ ತಿಂಡಿ ಇತ್ತು. ಒಣದ್ರಾಕ್ಷಿ ಹಾಕಿ ಉಂಡೆಯಾಗಿ ಕರಿದ ಫ್ರಿತೊಲೆ. ಗೊಲ್ದೋನಿ 1756ರ ಕಾರ್ನಿವಲ್‌ಗೆ ಬರೆದ 'ಇಲ್ ಕಾಂಪಿಯೆಲ್ಲೊ' ನಾಟಕದಲ್ಲಿ ಫ್ರಿತೊಲೆ ಮಾರಿ ಬದುಕುವ ಒರ್ಸೊಲ ಎಂಬ ಹೆಂಗಸಿದ್ದಾಳೆ. ಚಿತ್ರಕಾರ ಪಿಯೆತ್ರೊ ಲೊಂಗಿ ಕೂಡ ಇಂಥ ಮಾರಾಟಗಾರ್ತಿಯೊಬ್ಬಳನ್ನು ಬಿಡಿಸಿದ್ದಾನೆ. ಮುಖವಾಡದವರ ನಡುವೆ ಮುಖವಾಡ ಇಲ್ಲದೆ ದುಡಿದವರು ಇವರು.

ನೇಪಲ್ಸ್‌ನಲ್ಲಿ ಮಾತ್ರ ಹಸಿವೇ ಒಂದು ಪ್ರದರ್ಶನವಾಗಿತ್ತು. 18ನೇ ಶತಮಾನದಲ್ಲಿ ಬೂರ್ಬನ್ ದೊರೆಗಳು ಕಾರ್ನಿವಲ್ ಸಮಯದಲ್ಲಿ ಅರಮನೆಯ ಮುಂದಿನ ಚೌಕದಲ್ಲಿ 'ಕುಕ್ಕಾನ್ಯ' ಕಟ್ಟಿಸುತ್ತಿದ್ದರು. ಬ್ರೆಡ್ಡು, ಚೀಸು, ಮಾಂಸದಿಂದ ಮಾಡಿದ ಗುಡ್ಡ, ಕೋಟೆ, ತೋಟ. ಅಲಂಕಾರಕ್ಕೆ ಜೀವಂತ ಪ್ರಾಣಿಪಕ್ಷಿಗಳು. ಸುತ್ತ ಸೈನಿಕರ ಕಾವಲು, ಆಚೆ ಹಸಿದ ಜನ. ದೊರೆ ಉಪ್ಪರಿಗೆಯಿಂದ ಸಂಕೇತ ಕೊಟ್ಟ ಕೂಡಲೇ ಎಲ್ಲರೂ ನುಗ್ಗಬೇಕು. ಸ್ವಲ್ಪ ಹೊತ್ತಿನಲ್ಲಿ ಕೋಟೆ ಮಾಯ. ತುಳಿತಕ್ಕೆ ಸಿಕ್ಕವರೂ ಇದ್ದರು, ಚಾಕು ಹಾಕಿಸಿಕೊಂಡವರೂ ಇದ್ದರು. ಮೇಲೆ ನಿಂತ ಗಣ್ಯರಿಗೆ ಇದು ಮನರಂಜನೆ. 1764ರಲ್ಲಿ ನೇಪಲ್ಸ್‌ಗೆ ಭೀಕರ ಬರಗಾಲ ಬಂತು. ಆ ವರ್ಷ ಜನ ಸಂಕೇತಕ್ಕೂ ಕಾಯಲಿಲ್ಲ. 1776ರಲ್ಲಿ ಅಲ್ಲಿದ್ದ ಫ್ರೆಂಚ್ ಲೇಖಕ ಮಾರ್ಕಿ ದ ಸಾಡ್ ಇದನ್ನು ಅನಾಗರಿಕ ದೃಶ್ಯ ಅಂತ ಬರೆದಿಟ್ಟ. ಯಾರ ಹೆಸರಿನಿಂದ 'ಸ್ಯಾಡಿಸಂ' ಎಂಬ ಪದ ಹುಟ್ಟಿತೋ ಅವನಿಗೇ ಹಾಗನಿಸಿತು ಅಂದ್ರೆ ಲೆಕ್ಕ ಹಾಕಿ. ಆ ದಶಕ ಮುಗಿಯುವ ಹೊತ್ತಿಗೆ ಕುಕ್ಕಾನ್ಯವನ್ನು ಕೈಬಿಟ್ಟರು.

ವೆರೋನದ ಕಥೆ ಬೇರೆ. 1531ರಲ್ಲಿ ಅಲ್ಲಿ ಧಾನ್ಯದ ಬೆಲೆ ಏರಿ, ಸಾನ್ ಜೆನೊ ಬಡಾವಣೆಯ ಬಡವರು ದಂಗೆ ಎದ್ದರಂತೆ. ಆಗ ಅನುಕೂಲಸ್ಥರು ಹಿಟ್ಟು, ಚೀಸು, ವೈನ್ ಹಂಚಿ ಸಮಾಧಾನ ಮಾಡಿದರು, ತೊಮ್ಮಾಸೊ ದಾ ವಿಕೊ ಎಂಬ ವೈದ್ಯ ಪ್ರತಿವರ್ಷ ಹಂಚುವಂತೆ ಉಯಿಲು ಬರೆದಿಟ್ಟ ಅನ್ನೋದು ಊರಿನವರು ಹೇಳಿಕೊಂಡು ಬಂದ ಐತಿಹ್ಯ. ಇವತ್ತಿಗೂ ಕಾರ್ನಿವಲ್‌ನ ಕೊನೆಯ ಶುಕ್ರವಾರ ಅಲ್ಲಿ ನ್ಯೋಕಿ ಹಬ್ಬ. ಮೆರವಣಿಗೆಯ ನಾಯಕ 'ಪಪಾ ದೆಲ್ ನ್ಯೋಕೊ', ನ್ಯೋಕಿಯ ಅಪ್ಪ. ಬಿಳಿ ಗಡ್ಡದ ಅವನ ಕೈಯಲ್ಲಿ ರಾಜದಂಡದ ಬದಲು ದೊಡ್ಡ ಫೋರ್ಕು, ಅದರ ತುದಿಗೆ ಚುಚ್ಚಿದ ಒಂದು ನ್ಯೋಕಿ. ಇಂದಿನ ನ್ಯೋಕಿಯಲ್ಲಿ ಆಲೂಗಡ್ಡೆ ಇರುತ್ತೆ. 1531ರಲ್ಲಿ ಆಲೂಗಡ್ಡೆ ಇನ್ನೂ ಅಮೆರಿಕದಿಂದ ಅಲ್ಲಿಗೆ ಬಂದಿರಲಿಲ್ಲ. ಬರೀ ಹಿಟ್ಟು, ನೀರು.

ನೇಪಲ್ಸ್‌ನಲ್ಲೂ ವೆರೋನದಲ್ಲೂ ಊಟ ಹಾಕಿದವರು ಉಳ್ಳವರೇ, ಹೆದರಿಕೆಯೂ ಒಂದೇ. ಒಂದು ಕಡೆ ಹಸಿವನ್ನು ಆಟ ಮಾಡಿದರು, ಇನ್ನೊಂದು ಕಡೆ ಅದನ್ನು ಹಕ್ಕಾಗಿ ನೆನಪಿಟ್ಟರು. ಉಳಿದದ್ದು ಎರಡನೆಯದು.

ಈಗ ಇಟಲಿಯ ಬೇಕರಿಗಳಲ್ಲಿ ಜನವರಿಯಿಂದಲೇ ಕ್ಯಾಕ್ಯೆರೆ ರಾಶಿ ಬೀಳುತ್ತೆ. ಹಿಂದಿನ ಹಾಗೆ 40 ದಿನ ವ್ರತ ಹಿಡಿಯುವವರು ಕಡಿಮೆ. ನಮಗಂತೂ ರಾತ್ರಿ ಹನ್ನೊಂದಕ್ಕೂ ಫೋನ್ ಒತ್ತಿದರೆ ಲಸಾನ್ಯ ಬಾಗಿಲಿಗೆ ಬರುತ್ತೆ. ವ್ರತ ಮಾಡಿ ಅಂತ ನಾನು ಹೇಳ್ತಿಲ್ಲ, ನಾನೂ ಮಾಡೋದಿಲ್ಲ. ಮುಂದಿನ ಫೆಬ್ರವರಿಯಲ್ಲಿ ನಿಮ್ಮ ಫೋನಿನಲ್ಲಿ ವೆನಿಸ್ಸಿನ ಮುಖವಾಡಗಳು ಸಾಲುಸಾಲಾಗಿ ಬಂದಾಗ, ಒಂದು ನಿಮಿಷ ವೆರೋನದ ಮೆರವಣಿಗೆಯನ್ನೂ ಹುಡುಕಿ ನೋಡಿ. ಆ ಫೋರ್ಕಿನ ತುದಿಯಲ್ಲಿರೋದು ಬಡವರು ಕೇಳಿ ಪಡೆದ ಊಟ.