ಮಾಳಿಗೆ ಮನೆಗೆ ಕೊನೆಯ ಹಂತವಿಲ್ಲ

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರಿನ ಹಳೆಯ ಓಣಿಗಳಲ್ಲಿ ಅಜ್ಜ ಮುತ್ತಜ್ಜರು ಕಟ್ಟಿಸಿದ ಮನೆಯನ್ನು ದುರಸ್ತಿಗೆ ತೆಗೆದುಕೊಂಡವರು ಕೆಲಸವನ್ನು ಒಂದು ಗೊತ್ತಾದ ಸಾಲಿನಲ್ಲಿ ಎಣಿಸುತ್ತಾರೆ. ಮೊದಲು ಸೋರುವ ಮಾಳಿಗೆ, ಆಮೇಲೆ ಕರೆಂಟಿನ ವೈರು, ನಳದ ಪೈಪು, ಬಚ್ಚಲು. ಕಟ್ಟಕಡೆಗೆ ಸಿಮೆಂಟಿನ ಗಿಲಾವು, ಪುಟ್ಟಿ, ಬಣ್ಣ, ನೆಲಕ್ಕೆ ಟೈಲ್ಸ್. ವಾಸ್ತುಶಾಂತಿಗೆ ದಿನ ನೋಡಿಸುವ ಹೊತ್ತಿಗೆ ಈ ಕೊನೆಯ ಹಂತ ಮುಗಿದಿರಬೇಕು, ಇನ್ನು ಇಪ್ಪತ್ತು ವರ್ಷ ಗೋಡೆಗೆ ಕೈ ಹಚ್ಚುವ ಪ್ರಸಂಗ ಬರಬಾರದು ಎಂಬುದು ಎಲ್ಲರ ಆಸೆ. ಸಾಲ ಮಾಡಿ ಮನೆ ರಿಪೇರಿ ಮಾಡಿಸಿದವರಿಗೆ ಅಂಥ ಆಸೆ ಇರುವುದು ಸಹಜ. ಆದರೆ ಈ ಭಾಗದ ಮನೆಗಳ ಚರಿತ್ರೆಯಲ್ಲಿ ಕೊನೆಯ ಹಂತ ಎಂಬುದೊಂದು ಇರಲೇ ಇಲ್ಲ. ಅದು ಸಿಮೆಂಟು ಮತ್ತು ಗುತ್ತಿಗೆ ಕೆಲಸದ ಜೊತೆ ಬಂದ ಕಲ್ಪನೆ. ಹಳೆಯ ಮನೆಗಳು ಇಂದು ಇಷ್ಟು ಬೇಗ ಕೆಡುತ್ತಿರುವುದಕ್ಕೆ ಅವುಗಳ ವಯಸ್ಸಿಗಿಂತ ಈ ಕಲ್ಪನೆಯೇ ಹೆಚ್ಚು ಕಾರಣ ಎಂಬುದು ನನ್ನ ವಾದ.

ಕಟ್ಟಿ ಮುಗಿಸಿದ ಕಟ್ಟಡ ಎಂದರೆ ಈ ಜಿಲ್ಲೆಯವರ ಕಣ್ಣಿಗೆ ಮೊದಲು ಬರುವುದು ಕಲ್ಲಿನ ಗುಡಿ. ಹಾವೇರಿಯ ಸಿದ್ಧೇಶ್ವರ, ಗಳಗನಾಥದ ಗಳಗೇಶ್ವರ, ರಾಣೇಬೆನ್ನೂರು ತಾಲ್ಲೂಕಿನ ಚೌಡದಾನಪುರದ ಮುಕ್ತೇಶ್ವರ, ಇವೆಲ್ಲ 11-12ನೆಯ ಶತಮಾನಗಳ ಚಾಲುಕ್ಯ ಶೈಲಿಯ ಗುಡಿಗಳು. ಅಷ್ಟು ಗಟ್ಟಿಯಾದ ಕಲ್ಲಿನಲ್ಲಿ ಕಟ್ಟುತ್ತಿದ್ದ ಕಾಲದಲ್ಲೂ ಗುಡಿ ಮುಗಿಯಿತೆಂದು ಯಾರೂ ಕೈತೊಳೆದುಕೊಳ್ಳಲಿಲ್ಲ ಎನ್ನುವುದಕ್ಕೆ ಶಾಸನಗಳೇ ಸಾಕ್ಷಿ. ಆ ಕಾಲದ ಕನ್ನಡ ದಾನಶಾಸನಗಳಲ್ಲಿ ಭೂಮಿ ಬಿಟ್ಟ ಉದ್ದೇಶಗಳ ಪಟ್ಟಿ ಬರುತ್ತದೆ: ದೇವರ ಅಂಗಭೋಗಕ್ಕೆ, ನೈವೇದ್ಯಕ್ಕೆ, ತಪೋಧನರ ಊಟಕ್ಕೆ. ಅದೇ ಸಾಲಿನಲ್ಲಿ ಮತ್ತೆ ಮತ್ತೆ ಕಾಣುವುದು ಖಂಡಸ್ಫುಟಿತ ಜೀರ್ಣೋದ್ಧಾರ, ಅಂದರೆ ಒಡೆದದ್ದು, ಬಿರಿದದ್ದು, ಸವೆದದ್ದರ ದುರಸ್ತಿ. ಕೆಲವು ಶಾಸನಗಳು ನವಸುಧಾಕರ್ಮವನ್ನೂ, ಎಂದರೆ ಹೊಸದಾಗಿ ಸುಣ್ಣ ಬಳಿಯುವುದನ್ನೂ, ಸೇರಿಸುತ್ತವೆ. ಒಂದು ಸಲ ಕೊಟ್ಟು ಮುಗಿಸುವ ಹಣವಲ್ಲ ಇದು. ವರ್ಷವರ್ಷವೂ ಹುಟ್ಟುವಳಿ ಬರುವ ಹೊಲವನ್ನೇ ಬಿಡುತ್ತಿದ್ದರು. ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಚಿತ್ರ ಬರೆಯುವ ಗೋಡೆಯ ತಯಾರಿಯನ್ನು ಹೇಳುವಾಗ ಸುಣ್ಣದಿಂದ ನಯಗೊಳಿಸಿದ ಮೈಗೆ ಎಮ್ಮೆಯ ತೊಗಲು ಕುದಿಸಿ ತೆಗೆದ ಅಂಟಿನಲ್ಲಿ ಬಿಳಿಮಣ್ಣು ಕಲಸಿ ಮೂರು ಸಲ ಬಳಿಯಬೇಕೆನ್ನುತ್ತದೆ. ಗೋಡೆಯ ಮೇಲ್ಮೈ ಬೇರೆಯೇ ಆದ ಒಂದು ವಿದ್ಯೆ, ಅದಕ್ಕೆ ಬೇರೆಯೇ ಆರೈಕೆ ಬೇಕು ಎಂಬ ತಿಳಿವಳಿಕೆ ಈ ನಾಡಿನಲ್ಲಿ ಅಷ್ಟು ಹಳೆಯದು.

ಗುಡಿಗೆ ಶಾಸನವಿತ್ತು, ಒಕ್ಕಲಿನವರ ಮನೆಗೆ ಇರಲಿಲ್ಲ. ಆದರೆ ಮನೆಯ ಕಟ್ಟಣೆಯೇ ತನ್ನ ಕರಾರನ್ನು ಹೇಳುತ್ತದೆ. ಪಶ್ಚಿಮದ ಹಾನಗಲ್ಲಿನ ಕಡೆ ಮಳೆ ಹೆಚ್ಚು, ಅಲ್ಲಿ ಇಳಿಜಾರಿನ ಹಂಚಿನ ಮನೆ. ರಾಣೇಬೆನ್ನೂರಿನ ಕಡೆಗೆ ಬಂದಂತೆ ಮಳೆ ಕಡಿಮೆ, ಅಲ್ಲಿ ಮಟ್ಟಸವಾದ ಮಣ್ಣಿನ ಮಾಳಿಗೆ. ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಒತ್ತಾಗಿ ಜಂತಿ, ಜಂತಿಯ ಮೇಲೆ ಸೊಪ್ಪೋ ಚಕ್ಕೆಯೋ ಹಾಸಿ ಗೇಣುಗಟ್ಟಲೆ ಮಣ್ಣು. ಎಲ್ಲಕ್ಕಿಂತ ಮೇಲೆ ಸವುಳು ಮಣ್ಣಿನ ಪದರು. ಉಪ್ಪಿನಂಶವುಳ್ಳ ಈ ಮಣ್ಣು ನೀರು ಬಿದ್ದೊಡನೆ ಸಣ್ಣ ಕಣಗಳಾಗಿ ಒಡೆದು ಸಂದುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ, ಹಾಗಾಗಿ ನೀರು ಕೆಳಗಿಳಿಯದೆ ಹರನಾಳಿಗೆಯಿಂದ ಹೊರಗೆ ಹೋಗುತ್ತದೆ. ಬೆಳೆಗೆ ಬಾರದ ಜವಳು ನೆಲದ ಮಣ್ಣೇ ಮನೆಯ ತಲೆ ಕಾಯುತ್ತಿತ್ತು. ಆದರೆ ಪ್ರತಿ ಮಳೆಗೂ ಅದರಲ್ಲಿ ಒಂದಿಷ್ಟು ಕೊಚ್ಚಿಹೋಗುತ್ತದೆ. ಆದ್ದರಿಂದ ರೋಹಿಣಿ ಮಳೆಗೆ ಮುಂಚೆ, ಬೇಸಿಗೆಯ ಕೊನೆಯ ವಾರಗಳಲ್ಲಿ, ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಸವುಳು ಹಾಕಿ ಬಡಿಯಲೇಬೇಕು. ಮಳೆಗಾಲ ಕಳೆದ ಮೇಲೆ ಗೋಡೆಯ ಸರದಿ. ಹಸಿ ಗೋಡೆಗೆ ಮಣ್ಣು, ಹೊಟ್ಟು, ಸಗಣಿ ಕಲಸಿ ಮೆತ್ತಿ, ಒಣಗಿದ ಮೇಲೆ ಸುಣ್ಣ, ಬುಡಕ್ಕೆ ಜಾಜಿನ ಕೆಂಪು ಕಾರಣೆ. ಇದು ಮಹಾನವಮಿ, ದೀಪಾವಳಿಯ ಹೊತ್ತಿಗೆ ಆಗಬೇಕು. ಕೆಲವು ವರ್ಷಕ್ಕೊಮ್ಮೆ ದ್ಯಾಮವ್ವನ ಜಾತ್ರೆ ಬಂದರಂತೂ ಊರಿಗೆ ಊರೇ ಸುಣ್ಣ ಕಾಣಬೇಕು. ನೆಲದ ಸಾರಣೆ ವಾರಕ್ಕೊಮ್ಮೆ, ಹಬ್ಬಕ್ಕೊಮ್ಮೆ ಇದ್ದೇ ಇತ್ತು. ಇನ್ನೊಂದು ಆರೈಕೆ ಯಾರ ಲೆಕ್ಕಕ್ಕೂ ಸಿಗದೆ ನಡೆಯುತ್ತಿತ್ತು: ಒಲೆಯ ಹೊಗೆ ಜಂತಿ ತೊಲೆಗಳಿಗೆ ಮಸಿ ಹಿಡಿಸಿ ಹುಳುವನ್ನು ದೂರ ಇಟ್ಟು, ಬೆಳಕಿಂಡಿಯಿಂದ ಹೊರಗೆ ಹೋಗುತ್ತಿತ್ತು.

ಈ ವಾರ್ಷಿಕ ದುರಸ್ತಿಯನ್ನು ಬಡತನದ ಗುರುತೆಂದು ನೋಡುವುದು ರೂಢಿ. ನೆಲವನ್ನು ನೋಡಿದರೆ ಹಾಗನ್ನಿಸುವುದಿಲ್ಲ. ಈ ಮೂರೂ ತಾಲ್ಲೂಕುಗಳಲ್ಲಿ ಎರೆಭೂಮಿಯೂ ಮಸಾರಿಯೂ ಬೆರೆತಿವೆ. ಎರೆಮಣ್ಣು ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅಂಥ ನೆಲದ ಮೇಲೆ ನಿಂತ ಗೋಡೆ, ಸಾಹುಕಾರನದಾಗಲಿ ಕೂಲಿಯವನದಾಗಲಿ, ವರ್ಷಕ್ಕೊಮ್ಮೆ ಸ್ವಲ್ಪವಾದರೂ ಮಿಸುಕುತ್ತದೆ. ಮಣ್ಣು ಮತ್ತು ಸುಣ್ಣದ ಮೇಲ್ಮೈ ಆ ಮಿಸುಕಾಟವನ್ನು ಕೂದಲೆಳೆಯ ಬಿರುಕುಗಳಾಗಿ ಹಂಚಿಕೊಂಡು ತಾಳಿಕೊಳ್ಳುತ್ತದೆ. ಮುಂದಿನ ಹಬ್ಬದ ಸುಣ್ಣ ಆ ಬಿರುಕುಗಳನ್ನು ತುಂಬುತ್ತದೆ. ವರ್ಷಾವಧಿ ಕೆಲಸ ಹೀಗೆ ಈ ನೆಲದ ಗುಣದಿಂದಲೇ ಹುಟ್ಟಿದ್ದು.

ಕೆಲಸ ಮಾಡುತ್ತಿದ್ದವರು ಯಾರು, ಅದಕ್ಕೆ ಕೊಡುತ್ತಿದ್ದದ್ದು ಏನು? ಎರೆಯಲ್ಲೂ ಹಳ್ಳದ ದಂಡೆಯಲ್ಲೂ ಸಿಗುವ ಸುಣ್ಣದ ಹರಳನ್ನು ಆರಿಸಿ ಭಟ್ಟಿಯಲ್ಲಿ ಸುಟ್ಟು ಊರೂರಿಗೆ ಮಾರುವವರು ಸುಣಗಾರರು. ಸವುಳು ನೆಲದಿಂದ ಉಪ್ಪು ತೆಗೆಯುತ್ತಿದ್ದ ಉಪ್ಪಾರರು ಮುಂದೆ ಗೋಡೆ ಕಟ್ಟುವ ಕಸುಬಿಗೆ ಹೊರಳಿದರು. ಮಣ್ಣಿನ ಗುಣ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಬಡಿಗ, ಕಮ್ಮಾರರಿಗೆ ಸುಗ್ಗಿಯ ಕಣದಲ್ಲಿ ಆಯದ ಕಾಳು ಇತ್ತು. ಆಯ ಮುಖ್ಯವಾಗಿ ನೇಗಿಲು ಕುಂಟೆಗಳ ಕೆಲಸಕ್ಕೆ ಸಂದದ್ದು, ಹೊಸ ಮನೆಯ ಕೆಲಸಕ್ಕೆ ಬೇರೆ ಮಾತುಕತೆ ಆಗುತ್ತಿತ್ತು, ನಿಜ. ಆದರೂ ವರ್ಷವಿಡೀ ಮನೆಗೆ ಬಂದುಹೋಗುವ ಬಡಿಗನ ಕಣ್ಣಿಗೆ ಕುಸಿದ ಜಂತಿ ಬೀಳದೆ ಇರುತ್ತಿರಲಿಲ್ಲ. ಸಾರಣೆ, ಸುಣ್ಣ, ಮೆತ್ತುವ ಮಣ್ಣು ತುಳಿಯುವುದು ಇವೆಲ್ಲ ಮನೆಯ ಹೆಣ್ಣುಮಕ್ಕಳ ಮತ್ತು ದುಡಿಯುವ ಕೇರಿಗಳ ಜನರ ಮೈಮುರಿತ. ದುರಸ್ತಿ ಆಗ ಬೇಸಾಯದ ವರ್ಷದೊಳಗೇ ಸೇರಿಕೊಂಡಿತ್ತು. ಬಿತ್ತನೆಗೆ, ಕಟಾವಿಗೆ ಹೇಗೆ ಕೊನೆಯ ಹಂತವಿಲ್ಲವೋ ಹಾಗೆ ಇದಕ್ಕೂ ಇರಲಿಲ್ಲ.

ಈ ಏರ್ಪಾಡು ಒಂದೇ ಏಟಿಗೆ ಮುರಿಯಲಿಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಹತ್ತಿಯ ಬೆಲೆ ಏರಿ, ‘ಧಾರವಾಡ-ಅಮೆರಿಕನ್’ ಹತ್ತಿ ಬೆಳೆಯುತ್ತಿದ್ದ ಅಂದಿನ ಧಾರವಾಡ ಜಿಲ್ಲೆಗೆ ನಗದು ಹರಿಯಿತು. 1880ರ ದಶಕದಲ್ಲಿ ಹುಬ್ಬಳ್ಳಿ-ಹರಿಹರದ ರೈಲು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿತು. ಮೆಣಸಿನಕಾಯಿ, ಹತ್ತಿ, ಏಲಕ್ಕಿ ಹಾರದ ವ್ಯಾಪಾರ ಬೆಳೆದಂತೆ ನಗದು ಕೊಟ್ಟು ಕೆಲಸ ಮಾಡಿಸುವ ಪೇಟೆಯ ಮನೆಗಳೂ ಹೆಚ್ಚಿದವು. 1878ರ ಅರಣ್ಯ ಕಾಯಿದೆ ಬಂದ ಮೇಲೆ ಪಶ್ಚಿಮದ ಕಾಡಿನಿಂದ ಸಾಗವಾನಿ, ಮತ್ತಿ, ಹೊನ್ನೆ ಇಳಿಸಿಕೊಂಡು ಬರುವುದು ಮೊದಲಿನಷ್ಟು ಸುಲಭವಾಗಿ ಉಳಿಯಲಿಲ್ಲ. ಹಳೆಯ ಮನೆಯ ಒಂದೊಂದು ತೊಲೆಯೂ ಮತ್ತೆ ಸಿಗದ ವಸ್ತುವಾಯಿತು. ಪೋರಬಂದರಿನಲ್ಲಿ 1914ರಲ್ಲಿ ಸಿಮೆಂಟು ತಯಾರಿಕೆ ಶುರುವಾದರೂ ಅದು ಈ ಊರುಗಳ ಸಾಮಾನ್ಯ ಮನೆಯ ಗೋಡೆಗೆ ಬರಲು ಇನ್ನೂ ಹಲವು ದಶಕ ಬೇಕಾದವು. ಅಷ್ಟರಲ್ಲಿ ಮುಂಬಯಿ ರಾಜ್ಯದ 1950ರ ಕಾಯಿದೆ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ತೆಗೆದುಹಾಕಿತು, 1974ರ ಭೂಸುಧಾರಣೆ ಉಳುವವನಿಗೆ ಹೊಲ ಕೊಟ್ಟಿತು. ಬಿಟ್ಟಿ ದುಡಿಮೆಯ ಮೇಲೆ ನಿಂತಿದ್ದ ವತನದಾರರ ವಾಡೆಗಳಿಗೆ ಸುಣ್ಣ ಹೊಡೆಯುವವರು ಇಲ್ಲವಾದರು, ಮತ್ತು ಅದು ನ್ಯಾಯವೇ ಆಗಿತ್ತು. ದುಡಿಮೆಗೆ ಕೂಲಿ ಕೊಡಬೇಕಾದಾಗ ಪ್ರತಿ ವರ್ಷ ಕೊಡುವುದಕ್ಕಿಂತ ಒಮ್ಮೆ ಕೊಟ್ಟು ಮುಗಿಸುವುದು ಲಾಭವೆಂದು ಜನರಿಗೆ ಕಂಡಿತು. ಸಿಮೆಂಟು ಆ ಭರವಸೆ ಕೊಟ್ಟೇ ಮಾರಾಟವಾಯಿತು. ಕೊನೆಯ ಹಂತ ಹುಟ್ಟಿದ್ದು ಇಲ್ಲಿ.

ಆ ಭರವಸೆ ಇಟ್ಟಿಗೆಯ ಹೊಸ ಮನೆಯಲ್ಲಿ ಬಹುಮಟ್ಟಿಗೆ ಉಳಿದಿರಬಹುದು. ಎರಡಡಿ ದಪ್ಪದ ಮಣ್ಣಿನ ಗೋಡೆಯ ಮೇಲೆ ಅದು ಸುಳ್ಳಾಗುತ್ತದೆ. ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತದೆ, ಸುಣ್ಣದ ಮೈಯಿಂದ ಅದನ್ನು ಗಾಳಿಗೆ ಬಿಡುತ್ತದೆ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವ ವಸ್ತು. ಕಲ್ಲಾದ ಮೇಲೂ ಅದರಲ್ಲಿ ಆವಿ ಹಾಯುವ ಸಂದುಗಳು ಉಳಿದಿರುತ್ತವೆ. ಸಿಮೆಂಟಿನ ಗಿಲಾವು, ಅದರ ಮೇಲೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಬಣ್ಣ ಬಂದರೆ ಆ ದಾರಿ ಮುಚ್ಚುತ್ತದೆ. ತೇವ ಒಳಗೇ ಕುಳಿತು ಮಣ್ಣನ್ನು ಮೆತ್ತಗಾಗಿಸುತ್ತದೆ, ಉಪ್ಪು ಉಕ್ಕುತ್ತದೆ, ಎರಡು ಮೂರು ಮಳೆಗಾಲದಲ್ಲಿ ಗಿಲಾವು ಹಲಗೆಯಂತೆ ಕಳಚಿ ಬೀಳುವಾಗ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ. ನೆಲಕ್ಕೆ ಟೈಲ್ಸ್ ಹಾಕಿದರೆ ಅಲ್ಲಿಂದ ಏಳುತ್ತಿದ್ದ ತೇವವೂ ಗೋಡೆಯ ಬುಡಕ್ಕೇ ತಿರುಗುತ್ತದೆ. ಮಾಳಿಗೆಯ ಮಣ್ಣಿನ ಮೇಲೆ ಸಿಮೆಂಟು ಬಳಿಸುವುದು ಇನ್ನೂ ಅಪಾಯದ ಕೆಲಸ. ಒಂದು ಬಿರುಕಿನಿಂದ ಇಳಿದ ನೀರು ಹೊರಬರಲು ದಾರಿ ಕಾಣದೆ ಜಂತಿಯನ್ನು ಕೊಳೆಸುತ್ತದೆ, ಕುಸಿಯುವ ದಿನದವರೆಗೆ ಕೆಳಗಿದ್ದವರಿಗೆ ಗೊತ್ತಾಗುವುದಿಲ್ಲ. ಇದಕ್ಕೆ ಹೋಲಿಸಿದರೆ ಮಾಳಿಗೆಯ ಮೇಲೆ ಅಡ್ಡೆ ಕಟ್ಟಿ ತಗಡು ಹೊದಿಸುವ ಈಗಿನ ರೂಢಿ ನೋಡಲು ಚೆಂದವಿಲ್ಲದಿದ್ದರೂ ಜಾಣತನದ್ದು. ತಗಡು ಮಳೆ ತಡೆಯುತ್ತದೆ, ಗಾಳಿ ತಡೆಯುವುದಿಲ್ಲ, ಬೇಡವೆಂದಾಗ ಬಿಚ್ಚಿಡಬಹುದು.

ಇಲ್ಲಿ ಎರಡು ಗಟ್ಟಿಯಾದ ಆಕ್ಷೇಪಗಳಿವೆ. 2019ರ ಆಗಸ್ಟಿನಲ್ಲಿ ವರದಾ, ಧರ್ಮಾ, ತುಂಗಭದ್ರಾ ಉಕ್ಕಿದಾಗ ಬಿದ್ದದ್ದು ಮಣ್ಣಿನ ಮನೆಗಳು. ಪೂರ್ತಿ ಕುಸಿದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಕೊಟ್ಟದ್ದು ಮತ್ತೆ ಮಣ್ಣಿನಲ್ಲಿ ಕಟ್ಟಲಿ ಎಂದಲ್ಲ. ದಿನಗಟ್ಟಲೆ ಬುಡದಲ್ಲಿ ನೀರು ನಿಂತರೆ ಮಣ್ಣಿನ ಗೋಡೆ ತಾಳುವುದಿಲ್ಲ, ಇದನ್ನು ಒಪ್ಪಲೇಬೇಕು. ನದಿಯ ಸೆರಗಿನ ಊರುಗಳಲ್ಲಿ ಎತ್ತರದ ಕಲ್ಲಿನ ತಳಪಾಯವಿಲ್ಲದೆ ಹಳೆಯ ಮನೆ ಉಳಿಸುವ ಮಾತು ಆಡಬಾರದು. ಆದರೆ ನದಿ ಮುಟ್ಟದ ಓಣಿಗಳಲ್ಲೂ ಪ್ರತಿ ಜಡಿಮಳೆಗೆ ಗೋಡೆ ಬೀಳುತ್ತದಲ್ಲ, ಅಲ್ಲಿನ ಕಾರಣ ಬೇರೆ. ಅಲ್ಲಿ ಮಣ್ಣು ಕಾಣದ ಮಾಳಿಗೆಯನ್ನೂ, ಮುಚ್ಚಿಹೋದ ಹರನಾಳಿಗೆಯನ್ನೂ, ವರ್ಷ ವರ್ಷ ಎತ್ತರವಾಗುತ್ತ ಹೊಸ್ತಿಲಿಗೆ ನೀರು ತಿರುಗಿಸುವ ಕಾಂಕ್ರೀಟು ರಸ್ತೆಯನ್ನೂ ನೋಡಬೇಕು.

ಎರಡನೆಯ ಆಕ್ಷೇಪ ಇನ್ನೂ ಭಾರವಾದದ್ದು. ಸಾರಣೆ, ಸುಣ್ಣಗಳ ಸೊಗಸನ್ನು ಹಾಡುವವರು ಅದನ್ನು ಮಾಡಿದ ಹೆಂಗಸರ ಸೊಂಟ, ಅಂಗೈಗಳನ್ನು ನೋಡಿದ್ದಾರೆಯೇ? ಟೈಲ್ಸ್ ಬಂದ ದಿನ ಎಷ್ಟೋ ಮನೆಗಳ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟಿದ್ದಾರೆ, ಗ್ಯಾಸಿನ ಒಲೆ ಬಂದ ದಿನವೂ. ಅವರನ್ನು ಮತ್ತೆ ಹೊಗೆಯೊಳಗೆ, ಸಗಣಿಯ ಬುಟ್ಟಿಯ ಮುಂದೆ ಕೂಡಿಸುವ ಯಾವ ವಾದವೂ ನನಗೆ ಬೇಡ. ಒಲೆಯ ಹೊಗೆ ಮಾಡುತ್ತಿದ್ದ ಕೆಲಸವನ್ನು ಮರಕ್ಕೆ ಗೇರೆಣ್ಣೆ ಹಚ್ಚಿ ಮಾಡಬಹುದು. ನೆಲಕ್ಕೆ ಸಂದು ಬಿಟ್ಟು ಕೂಡಿಸಿದ ಶಹಾಬಾದಿ ಪರಸಿಯನ್ನು ಒರೆಸುವುದು ಸುಲಭ. ಅದರ ಸಂದಿಗೆ ಸುಣ್ಣದ ಗಚ್ಚು ಹಾಕಿದರೆ ತೇವಕ್ಕೆ ದಾರಿಯೂ ಉಳಿಯುತ್ತದೆ. ಸುಣ್ಣ ಹೊಡೆಯುವುದು ಮನೆಯಾಕೆಯ ಪಾಲಿನ ಕೆಲಸವಾಗಿರಬೇಕಿಲ್ಲ, ಬಣ್ಣದವರಿಗೆ ಕೊಡುವ ಕೂಲಿಯನ್ನೇ ಕೊಟ್ಟು ಮಾಡಿಸುವ ಕೆಲಸವಾಗಬೇಕು. ಗಚ್ಚಿನ ಕೆಲಸ ಬಲ್ಲ ಗೌಂಡಿಗಳು ಈಗ ಸಿಗುವುದಿಲ್ಲ ಎಂಬ ಮಾತು ನಿಜ, ಆದರೆ ಸಿಮೆಂಟು ಬಂದಾಗ ಅದನ್ನು ಬಲ್ಲ ಗೌಂಡಿಗಳೂ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಕೇಂದ್ರ ಮಣ್ಣಿನ ಕಟ್ಟಡವನ್ನು ವಿಜ್ಞಾನದ ವಿಷಯವಾಗಿ ಎತ್ತಿಕೊಂಡಿತು. ಕಲಿಸುವ ಅರಿವು ರಾಜ್ಯದಲ್ಲೇ ಇದೆ, ಕೊರತೆ ಇರುವುದು ಕೆಲಸ ಕೊಡುವವರದು.

ಹಾಗಾದರೆ ದುರಸ್ತಿಯ ಕೊನೆಗೆ ಮಾಡಬೇಕಾದದ್ದು ಏನು? ಗೋಡೆಯ ಹಳೆಯ ಸಿಮೆಂಟು ಕೆಡವಿ, ಒಂದು ಬೇಸಿಗೆ ಪೂರ್ತಿ ಹಾಗೇ ಒಣಗಲು ಬಿಟ್ಟು, ಮಳೆಗಾಲ ಕಳೆದ ಮೇಲೆ ಮಣ್ಣಿನ ಮೆತ್ತು, ಅದರ ಮೇಲೆ ತೆಳುವಾಗಿ ಸುಣ್ಣ. ಬಿರುಸಾದ ಮಳೆ ಬಡಿಯುವ ಹೊರಗೋಡೆಗೆ ಸುಣ್ಣದ ಗಾರೆ, ಒಳಗೋಡೆಗೆ ಅದೂ ಬೇಡ. ಇದನ್ನು ಮಾಡುವುದು ಕಷ್ಟವಲ್ಲ, ಮುಂದುವರಿಸುವುದು ಕಷ್ಟ, ಏಕೆಂದರೆ ಹಳೆಯ ಮನೆ ಈಗ ಒಬ್ಬರದಲ್ಲ. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಿದೆ. ಬರಬೇಕಾದದ್ದೇ ಬಂದಿದೆ. ಪಾಲುದಾರರಲ್ಲಿ ಒಬ್ಬರು ಹುಬ್ಬಳ್ಳಿಯಲ್ಲಿ, ಒಬ್ಬರು ಪುಣೆಯಲ್ಲಿ, ಒಬ್ಬರು ಬೆಂಗಳೂರಿನಲ್ಲಿ. ಎಲ್ಲರೂ ಕೂಡಿ ಒಂದು ಸಲ ದೊಡ್ಡ ಹಣ ಹಾಕುತ್ತಾರೆ, ಆಮೇಲೆ ಬೀಗ ಹಾಕುತ್ತಾರೆ. ಅದೇ ಹಣದ ಒಂದು ಪಾಲನ್ನು ಮೊದಲೇ ತೆಗೆದಿಡುವುದು ಒಂದು ದಾರಿ. ಇನ್ನೂ ಒಳ್ಳೆಯದು, ಬೀದಿಗೆ ಮುಖವಿರುವ ಒಂದು ಕೋಣೆಯನ್ನು ಅಂಗಡಿಗೋ ಬಾಡಿಗೆದಾರರಿಗೋ ಕೊಟ್ಟು, ಅದರ ಬಾಡಿಗೆ ಮಾಳಿಗೆಯ ಮಣ್ಣಿಗೆ, ಗೋಡೆಯ ಸುಣ್ಣಕ್ಕೆ ಮೀಸಲೆಂದು ಪಾಲುಪತ್ರದಲ್ಲೇ ಬರೆಸಿ ನೋಂದಾಯಿಸುವುದು. ಬಾಡಿಗೆಗಿದ್ದವರ ಕೈಯಲ್ಲಿ ಕದ ತೆರೆದಿರುತ್ತದೆ, ಸೋರಿದ್ದು ಅದೇ ಮಳೆಗಾಲದಲ್ಲಿ ಯಾರದೋ ಕಣ್ಣಿಗೆ ಬೀಳುತ್ತದೆ, ದುರಸ್ತಿಯ ಕೂಲಿಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಒಬ್ಬರಿಗೊಬ್ಬರು ಫೋನು ಮಾಡುವ ಅಗತ್ಯ ಬೀಳುವುದಿಲ್ಲ.