ಗದ್ದೆಯ ಪದ, ಪರದೆಯ ರೈತ

ಮದ್ದೂರಿನಲ್ಲಿ ವಡೆ ತಿಂದು ಹಳೇ ಹೆದ್ದಾರಿಯಲ್ಲಿ ಮಂಡ್ಯದತ್ತ ಹೊರಟರೆ ಗೆಜ್ಜಲಗೆರೆ ಸಿಗುತ್ತದೆ. ಮನ್‌ಮುಲ್ ಹಾಲಿನ ಡೇರಿಯ ಊರು. ಕನ್ನಂಬಾಡಿ ನೀರು ನಾಲೆಗೆ ಬಂದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಮೇಲೆ ಈ ಸೀಮೆ ಭತ್ತ, ಕಬ್ಬಿಗೆ ಒಗ್ಗಿಕೊಂಡಿತು. ಗೆಯ್ಮೆಯೂ ಹೆಚ್ಚಿತು.

ಆ ಗೆಯ್ಮೆಯನ್ನು ಮೊದಲು ಹಾಡಿದವರು ಗೆಯ್ದವರೇ. ಒಟ್ಲಿನಿಂದ ಪೈರು ಕಿತ್ತು, ಮೊಣಕಾಲುದ್ದ ಕೆಸರಿನಲ್ಲಿ ಸಾಲಾಗಿ ಬಗ್ಗಿ ನೆಡುವ ಹೆಣ್ಣಾಳುಗಳ ಪದ, ರಾಗಿ ಬೀಸುವಾಗಿನ ಪದ. ನಾಗಮಂಗಲ ಸೀಮೆಯ ಎಚ್.ಎಲ್. ನಾಗೇಗೌಡರು ಇಂಥ ಹಾಡುಗಳನ್ನು ಹುಡುಕಿ ಬರೆದಿಟ್ಟರು. ರಾಮನಗರದ ಬಳಿ ಜಾನಪದ ಲೋಕವನ್ನೇ ಕಟ್ಟಿದರು.

ಸಿನಿಮಾ ಬೇರೆ ದಾರಿ ಹಿಡಿಯಿತು. ಟಿ.ಕೆ. ರಾಮರಾಯರ ಕಾದಂಬರಿಯಿಂದ ಸಿದ್ಧಲಿಂಗಯ್ಯನವರು ತೆಗೆದ ‘ಬಂಗಾರದ ಮನುಷ್ಯ’ (1972) ನೋಡದ ಕನ್ನಡಿಗರು ಹೊರದೇಶದಲ್ಲೂ ಕಡಿಮೆ. ಬರಡು ನೆಲವನ್ನು ಹಸನು ಮಾಡುವ ರಾಜಕುಮಾರ್ ಕಣ್ಣಿಗೆ ಕಟ್ಟಿದಂತಿದ್ದಾರೆ. ಕುವೆಂಪು ಅವರ ‘ನೇಗಿಲಯೋಗಿ’ ಕೂಡ 1983ರ ‘ಕಾಮನಬಿಲ್ಲು’ ಚಿತ್ರದಿಂದ ಮನೆಮನೆಗೆ ತಲುಪಿತು. ಎರಡೂ ನನಗೆ ಇಷ್ಟವೇ. ಆದರೆ ಎರಡರಲ್ಲೂ ಗೌರವವೆಲ್ಲ ಉಳುವವನಿಗೆ ಸಂದಿತು. ನಾಟಿ ಹಾಕಿದವಳು, ಕಳೆ ಕಿತ್ತವಳು, ಸಂಜೆ ಕೂಲಿಗೆ ಕೈಯೊಡ್ಡಿದವಳು ಹಿನ್ನೆಲೆಗೆ ಸರಿದರು. ಹೊಲ ಇಲ್ಲದವನು ಹೀರೋ ಆಗುವುದು ಕಷ್ಟವೇನೋ!

ಕಥೆಗಾರರು ಈ ದುಡಿಯುವವರನ್ನು ಹತ್ತಿರದಿಂದ ಕಂಡರು. ಮದ್ದೂರು ತಾಲ್ಲೂಕಿನವರೇ ಆದ ಬೆಸಗರಹಳ್ಳಿ ರಾಮಣ್ಣ ವೈದ್ಯರಾಗಿದ್ದರು. ದುಡಿದು ಸೋತ ಮೈಯನ್ನು ಮುಟ್ಟಿ ನೋಡಿದವರು. ಅದಕ್ಕೇ ಅವರ ಕಥೆಗಳಲ್ಲಿ ಬಡವ ಪೂಜೆಗೆ ಕೂತ ಮೂರ್ತಿಯಲ್ಲ. ಮಂಡ್ಯದ ಮಾತಾಡುವ, ಬೈಯುವ, ಮೋಸಹೋಗುವ ಮನುಷ್ಯ.

ಆಮೇಲೆ ಬಂತು ‘ತಿಥಿ’ ಸಿನಿಮಾ. ಮಂಡ್ಯದ ನೊದೆಕೊಪ್ಪಲಿನ ಈರೇಗೌಡರು ರಾಮ್ ರೆಡ್ಡಿಯವರ ಜೊತೆ ಬರೆದರು, ರೆಡ್ಡಿ ನಿರ್ದೇಶಿಸಿದರು, ಹಳ್ಳಿಯವರೇ ನಟಿಸಿದರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿಯೂ ಬಂತು. ಇಲ್ಲಿ ನೇಗಿಲಯೋಗಿಯ ಸುಳಿವೇ ಇಲ್ಲ. ಗಡ್ಡಪ್ಪ ಕುಡಿದು ಅಲೆಯುತ್ತಾನೆ, ಕುರಿಗಾಹಿಗಳು ಬಂದು ಹೋಗುತ್ತಾರೆ. ಐದು ಎಕರೆ ಜಮೀನಿದೆ ನಿಜ. ಮಗ ತಮ್ಮಣ್ಣ ಅದಕ್ಕಾಗಿ ಬೆವರುವುದು ಗದ್ದೆಯಲ್ಲಲ್ಲ, ಖಾತೆ ಮಾಡಿಸಿ ಮಾರುವ ಓಡಾಟದಲ್ಲಿ.